ಪೂರ್ತಿ ಲೋಡು

ನನ್ನ ಗಂಡನಿಗೆ ನಲವತ್ತೇಳನೇ ವಯಸ್ಸಿನಲ್ಲಿ ದೋಣಿಯ ಹುಚ್ಚು ಹಿಡಿಯಿತು. ಆ ವಯಸ್ಸಿನಲ್ಲಿ ಬೇರೆಯವರ ಗಂಡಂದಿರಿಗೆ ಗಾಲ್ಫ್ ಹಿಡಿಯುತ್ತದೆ, ಇಲ್ಲವೇ ಸಕ್ಕರೆ ಕಾಯಿಲೆ. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ.

ಇದು 2008ರ ಮಾತು. ಶ್ರೀನಾಥ್ ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್‌ನಲ್ಲಿ ಒಂದು ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿ ಕಾಂಟ್ರ್ಯಾಕ್ಟ್ ಕೆಲಸಕ್ಕಿದ್ದರು. ನಾನು ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿ, ಆಸ್ಪತ್ರೆಯ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ. ಸೋಮವಾರ ಬೆಳಗ್ಗೆ ಅವರು ವಿಮಾನ ಹತ್ತುತ್ತಿದ್ದರು, ಶುಕ್ರವಾರ ಸಂಜೆ ಇಳಿಯುತ್ತಿದ್ದರು. ಎರಡು ವರ್ಷದಿಂದ ಹೀಗೇ ನಡೆದಿತ್ತು. ಮಗಳು ನಿಹಾರಿಕಾ ಕ್ಯಾನ್‌ಬೆರಾದ ಹಾಸ್ಟೆಲ್ ಸೇರಿದ ಮೇಲೆ ವಾರದ ನಾಲ್ಕು ರಾತ್ರಿ ಆ ಫ್ಲ್ಯಾಟಿನಲ್ಲಿ ನಾನೊಬ್ಬಳೇ. ಒಬ್ಬಳಿಗೆ ಅಂತ ಅನ್ನ ಇಟ್ಟರೆ ಅದು ಯಾವತ್ತೂ ಇಬ್ಬರಿಗಾಗುವಷ್ಟು ಆಗುತ್ತಿತ್ತು. ಮರುದಿನ ಅದೇ ಚಿತ್ರಾನ್ನ.

ಡಾಕ್‌ಲ್ಯಾಂಡ್ಸ್‌ನಲ್ಲಿ ಅವರು ಹಿಡಿದಿದ್ದ ಬಾಡಿಗೆ ರೂಮು ಹನ್ನೆರಡನೇ ಮಹಡಿಯಲ್ಲಿತ್ತು. ಕಿಟಕಿಯ ಕೆಳಗೆ ಸಾಲಾಗಿ ಕಟ್ಟಿದ ದೋಣಿಗಳು. ಮೊದಮೊದಲು ಫೋನಿನಲ್ಲಿ ಅವುಗಳ ವರ್ಣನೆ ಬರುತ್ತಿತ್ತು. ಆಮೇಲೆ ಅವುಗಳ ಎಂಜಿನ್ನಿನ ವರ್ಣನೆ ಶುರುವಾಯಿತು. ಏಪ್ರಿಲ್‌ನಲ್ಲಿ ಒಂದು ಶನಿವಾರ ದೋಸೆ ತಿನ್ನುತ್ತ, "ಆಗಸ್ಟ್‌ಗೆ ರೂಮಿನ ಲೀಸ್ ಮುಗಿಯುತ್ತೆ ನೀಲಾ. ರೆಂಟ್ ಕೊಡೋ ಬದಲು ಒಂದು ಮೋಟಾರ್ ಕ್ರೂಸರ್ ತಗೊಂಡು ಅದರಲ್ಲೇ ಇದ್ದುಬಿಡೋಣ ಅಂತ ಯೋಚನೆ," ಅಂದರು. ದೋಣಿಯಲ್ಲಿ ಅಡುಗೆಮನೆ ಇರಬೇಕು, ಬಚ್ಚಲು ಇರಬೇಕು, ಹಾಸಿಗೆ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಅದು ಡೀಸೆಲ್ ಕಡಿಮೆ ಕುಡಿಯಬೇಕು.

"ಕಟ್ಟಿಹಾಕೋ ಎಮ್ಮಿಗೆ ಓಟದ ಚಿಂತಿ ಯಾಕ್ರೀ?" ಅಂದೆ. "ನಮ್ಮ ಮಂಚಕ್ಕ ಮೈಲೇಜ್ ಎಷ್ಟು ಅಂತ ಯಾವತ್ತರ ಕೇಳೀರೇನು?"

"ಬೇಕಾಗುತ್ತೆ," ಅಂದರು. ಅಷ್ಟೇ. ನನ್ನ ಗಂಡ ಮಾತನಾಡುವುದು ಕಡಿಮೆ, ಬರೆದುಕೊಳ್ಳುವುದು ಹೆಚ್ಚು. ನೀಲಿ ರಟ್ಟಿನ ಒಂದು ನೋಟ್‌ಬುಕ್ ಆಗಲೇ ತಯಾರಾಗಿತ್ತು. ದೋಣಿಗೊಂದು ಪುಟ. ದೋಣಿಯೇ ಇಲ್ಲದವರು ಎರಡು ಲೈಫ್ ಜಾಕೆಟ್ಟನ್ನೂ ತಂದಿಟ್ಟಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ.

ನಾನು ನಕ್ಕು ಕಾಲೆಳೆದೆನೇ ಹೊರತು ನನಗೆ ನಗು ಬಂದಿರಲಿಲ್ಲ. ಭಯವಾಗಿತ್ತು. ಬಾಡಿಗೆ ರೂಮು ಎಂದರೆ ಒಂದು ದಿನ ಬಿಟ್ಟು ಬರುವಂಥದು. ಅಡುಗೆಮನೆ, ಹಾಸಿಗೆ ಎಲ್ಲ ಇರುವ ದೋಣಿ ಕೊಂಡ ಮನುಷ್ಯ ಅಲ್ಲಿ ಮನೆ ಮಾಡಿದ ಹಾಗೆಯೇ ಲೆಕ್ಕ. ಮಾರ್ಚ್‌ನಲ್ಲಿ ಎರಡು ಶುಕ್ರವಾರ ಕೆಲಸ ಹೆಚ್ಚೆಂದು ಬಂದಿರಲಿಲ್ಲ. ಇನ್ನು ದೋಣಿಯೂ ಬಂದರೆ ಶುಕ್ರವಾರಗಳು ಒಂದೊಂದಾಗಿ ಉದುರುತ್ತವೆ, ಕಡೆಗೆ ದೀಪಾವಳಿಗೊಮ್ಮೆ ಬಂದು ಹೋಗುವ ನೆಂಟರಾಗುತ್ತಾರೆ ಅನಿಸಿತು. ಜಗಳ ಆಡಿ ಹೋಗುವ ಗಂಡನನ್ನು ಹಿಡಿದು ನಿಲ್ಲಿಸಬಹುದು. ಮೈಲೇಜ್ ನೋಡಿಕೊಂಡು ನಿಧಾನಕ್ಕೆ ಹೋಗುವವನನ್ನು ಹೇಗೆ ನಿಲ್ಲಿಸುವುದು?

ಅದೇ ಹೊತ್ತಿಗೆ ನನ್ನ ಅಪ್ಪ ಬಸವಣ್ಣೆಪ್ಪ ಆರು ತಿಂಗಳಿಗೆಂದು ಬಂದಿಳಿದರು. ಅವ್ವ ಅಣ್ಣನ ಮಕ್ಕಳನ್ನು ಬಿಟ್ಟು ಬರಲೊಲ್ಲೆ ಎಂದು ಹುಬ್ಬಳ್ಳಿಯಲ್ಲೇ ಉಳಿದಿದ್ದಳು. ಅಪ್ಪ ಸರ್ಕಾರಿ ಬಸ್ಸಿನ ಡಿಪೋದಲ್ಲಿ ಮೂವತ್ನಾಲ್ಕು ವರ್ಷ ದುಡಿದು ಹೆಡ್ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಆ ಡಿಪೋದ ಬಾಗಿಲಲ್ಲಿ ಒಂದು ಕರಿಹಲಗೆ ಇರುತ್ತಿತ್ತು. ಯಾವ ಡ್ರೈವರನ ಗಾಡಿ ಲೀಟರಿಗೆ ಎಷ್ಟು ಕಿಲೋಮೀಟರು ಓಡಿತು ಎಂದು ವಾರವಾರ ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಅದರ ಹೆಸರು ಕೆಎಂಪಿಎಲ್. ನಾನು ಕಾಗುಣಿತಕ್ಕಿಂತ ಮೊದಲು ಕಲಿತದ್ದು ಕೆಎಂಪಿಎಲ್. ಮೇಲಿನ ಸಾಲಿನಲ್ಲಿ ಹೆಸರು ಬಂದ ಡ್ರೈವರನಿಗೆ ಶಾಲು, ಸರ್ಟಿಫಿಕೇಟು. ಹಾಗಾಗಿ ಕೆಲವರು ಇಳಿಜಾರು ಬಂದರೆ ಸಾಕು, ಎಂಜಿನ್ನನ್ನೇ ಆರಿಸಿ ಗಾಡಿಯನ್ನು ಹಾಗೇ ಬಿಡುತ್ತಿದ್ದರು. ಅಪ್ಪ ಅವರನ್ನು ನಾಲ್ಕು ಜನರ ಮುಂದೆ ಬೈಯುತ್ತಿದ್ದರು, ಮನೆಗೆ ಬಂದು ಹೊಗಳುತ್ತಿದ್ದರು.

ಇಂಥ ಮಾವ ಮನೆಯಲ್ಲಿರುವಾಗ ಅಳಿಯ ಬೇರೆ ಪಂಡಿತರನ್ನು ಹುಡುಕಲಿಲ್ಲ. "ಮಾವ, ದೋಣಿ ನೋಡೋಕೆ ನೀವೂ ಬನ್ನಿ," ಅಂದರು. ಅಪ್ಪ ಆ ಸಂಜೆಯೇ ತಮ್ಮ ಕನ್ನಡಕ ತೊಳೆದಿಟ್ಟರು.

ನಾನು ಅಪ್ಪನನ್ನು ಬಾಲ್ಕನಿಗೆ ಕರೆದು ಬಾಗಿಲು ಹಾಕಿದೆ. "ಅಪ್ಪಾ, ಯಾವ ದೋಣಿ ತೋರಿಸಿದ್ರೂ ನೀ ಬ್ಯಾಡ ಅನಬೇಕು. ನನಗ ಇದು ಮನಸ್ಸಿಲ್ಲ."

"ಅದೇನ ದೊಡ್ಡ ಮಾತವಾ," ಅಂದರು ಅಪ್ಪ. "ಮೂವತ್ನಾಕ ವರ್ಷ ಗಾಡಿ ರಿಜೆಕ್ಟ್ ಮಾಡೀನಿ."

ಮೊದಲ ದೋಣಿ ಸಿಡ್ನಿಯ ಉತ್ತರಕ್ಕೆ, ಪಿಟ್‌ವಾಟರ್‌ನಲ್ಲಿತ್ತು. ಬಿಳಿ ಮೈ, ಎರಡು ಎಂಜಿನ್ನು, ಒಳಗೆ ಹಾಲುಬಣ್ಣದ ಸೋಫಾ. ಮಾರುವ ಹುಡುಗ ಅದರ ವೇಗ ಹೇಳಿದ, ಅದಕ್ಕೆ ಬೇಕಾಗುವ ಡೀಸೆಲ್ ಹೇಳಿದ. ಅಪ್ಪ ಬೆರಳು ಮಡಚಿ ಲೆಕ್ಕ ಹಾಕಿದರು.

"ಅಳ್ಯಾರ, ಲೀಟರಿಗೆ ಕಾಲು ಕಿಲೋಮೀಟರು ಬಂತರೀ. ನಾ ಅಂಗಳಕ್ಕ ಡೀಸೆಲ್ ಚೆಲ್ಲಿದರ ಇದರಕ್ಕಿಂತ ದೂರ ಹರಿದು ಹೋಗತೈತಿ."

ಎರಡನೆಯದು ಪ್ಯಾರಾಮಟಾ ನದಿಯ ದಡದಲ್ಲಿ. ಅದು ಹಳೆಯದು, ಒಂದೇ ಎಂಜಿನ್ನು. ಅಪ್ಪ ಅದರ ಹೊಗೆಗೆ ಬಿಳಿ ಕರವಸ್ತ್ರ ಹಿಡಿದು, ಅದನ್ನು ಎಲ್ಲರಿಗೂ ತೋರಿಸಿ, ಮಾತಿಲ್ಲದೆ ಮಡಚಿ ಕಿಸೆಗೆ ಹಾಕಿಕೊಂಡರು. ಕರವಸ್ತ್ರ ತೊಳೆದವಳು ನಾನು.

ಶ್ರೀನಾಥ್ ಇದನ್ನೆಲ್ಲ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳುತ್ತಿದ್ದರು. ಒಮ್ಮೆ ಅಪ್ಪ ಇಣುಕಿ ಕೇಳಿದರು. "ಲೋಡ್ ಎಷ್ಟು ಹಾಕೀರಿ? ಲೋಡ್ ಹೇಳದ ಕೆಎಂಪಿಎಲ್ ಹೇಳೋದು ಸುಳ್ಳು ಹೇಳಿದಂಗ. ಖಾಲಿ ಗಾಡಿ ಯಾವುದಾದ್ರೂ ಓಡತೈತಿ."

"ಪೂರ್ತಿ ಲೋಡು ಹಾಕಿದ್ದೀನಿ ಮಾವ," ಅಂದು ನೋಟ್‌ಬುಕ್ ಮುಚ್ಚಿದರು.

ನಾನು ಮಾತ್ರ ಪ್ರತಿ ದೋಣಿಯಲ್ಲೂ ನೇರ ಹಾಸಿಗೆಯ ಕೋಣೆಗೆ ಹೋಗುತ್ತಿದ್ದೆ. ಅಲ್ಲಿ ಒಬ್ಬರು ಆರಾಮಾಗಿ ಮಲಗಬಹುದು, ಇಬ್ಬರಾದರೆ ಒಬ್ಬರು ಕ್ಷಮೆ ಕೇಳುತ್ತ ಮಲಗಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರೇನೋ ಹೇಳಿದ್ದಾರೆ, ಆದರೆ ಯಾರ ಕಾಲು ಅಂತ ಹೇಳಲಿಲ್ಲ. ನನ್ನ ಕಾಲಿಗೆ ಅಲ್ಲಿ ಜಾಗವಿದೆಯೇ ಎಂದು ಗಂಡ ಒಮ್ಮೆಯೂ ನನ್ನನ್ನು ಕೇಳಲಿಲ್ಲ. ಅದು ಚುಚ್ಚುತ್ತಿತ್ತು.

ಹೀಗೆ ಆರು ದೋಣಿಗಳನ್ನು ಅಪ್ಪ ತಿರಸ್ಕರಿಸಿದರು. ಜೂನ್ ತಿಂಗಳ ಲಾಂಗ್ ವೀಕೆಂಡಿಗೆ ಶ್ರೀನಾಥ್ ನಮ್ಮಿಬ್ಬರನ್ನೂ ಮೆಲ್ಬರ್ನ್‌ಗೆ ಕರೆಸಿಕೊಂಡರು. ವೆಸ್ಟರ್ನ್ ಪೋರ್ಟ್ ಎಂಬ ಕೊಲ್ಲಿಯಲ್ಲಿ ಒಂದು ದೋಣಿ ಇದೆಯಂತೆ, ಅದೇ ಕೊನೆಯದು. ಅದೂ ಆಗದಿದ್ದರೆ ಬಿಟ್ಟುಬಿಡುತ್ತೇನೆ ಅಂದರು. ನನಗೆ ಹಬ್ಬದ ಊಟಕ್ಕೆ ಹೊರಟ ಹಾಗಾಯಿತು. ದಾರಿಯಲ್ಲಿ ಡ್ಯಾಂಡಿನಾಂಗ್‌ನಲ್ಲಿ ಕಾರು ನಿಲ್ಲಿಸಿ, ಇಂಡಿಯನ್ ಅಂಗಡಿಯಲ್ಲಿ ಅವಲಕ್ಕಿ, ಶೇಂಗಾ, ಹಸಿಮೆಣಸಿನಕಾಯಿ, ಕರಿಬೇವು ತೆಗೆದುಕೊಂಡೆ. ರಾತ್ರಿ ರೂಮಿಗೆ ಮರಳಿ ಒಗ್ಗರಣೆ ಅವಲಕ್ಕಿ ಮಾಡಿ ದೋಣಿಯ ಹುಚ್ಚಿಗೆ ಎಳ್ಳುನೀರು ಬಿಡಬೇಕು ಎಂಬುದು ನನ್ನ ಯೋಜನೆ.

ದೋಣಿಯ ಹೆಸರು ಎಡ್ನಾ. ಮಾಲೀಕ ಲೆನ್, ಎಪ್ಪತ್ತು ದಾಟಿದ ಬೋಳುತಲೆಯ ಮನುಷ್ಯ. ಮೊಣಕಾಲು ಹೋಗಿದೆ, ಅದಕ್ಕೇ ಮಾರುತ್ತಿದ್ದೇನೆ ಅಂದ. ಎಡ್ನಾ ಅವನ ಅತ್ತೆಯ ಹೆಸರಂತೆ. ಅತ್ತೆಯ ಹಾಗೇ ಇದೂ ಭಾರ, ನಿಧಾನ, ಶುರುವಾದರೆ ನಿಲ್ಲುವುದಿಲ್ಲ ಅಂದ. ಹಸಿರು ಬಣ್ಣ ಅಲ್ಲಲ್ಲಿ ಎದ್ದಿತ್ತು. ಮುಂದಿನ ಕೋಣೆಯಲ್ಲಿ ಎರಡು ಕಿರಿದಾದ ಹಾಸಿಗೆಗಳು ತಲೆಯ ಕಡೆ ದೂರ, ಕಾಲಿನ ಕಡೆ ಹತ್ತಿರ. ಗಂಡ ಹೆಂಡಿರ ಪಾದಗಳು ಮಾತ್ರ ಸಂಸಾರ ಮಾಡಬಹುದಾದ ಏರ್ಪಾಡು. ಇದನ್ನು ನೋಡಿ ನನಗೆ ಸಮಾಧಾನವಾಯಿತು. ಇದು ಖಂಡಿತ ಆಗುವುದಿಲ್ಲ.

ಆದರೆ ಲೆನ್ ನೆಲದ ಹಲಗೆ ಎತ್ತಿ ಎಂಜಿನ್ ಶುರು ಮಾಡಿದ. ಅಪ್ಪ ಒಂದು ಸ್ಕ್ರೂಡ್ರೈವರ್ ಕೇಳಿ ಪಡೆದು, ಅದರ ತುದಿಯನ್ನು ಎಂಜಿನ್ನಿಗೆ ಮುಟ್ಟಿಸಿ, ಹಿಡಿಕೆಯನ್ನು ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚಿದರು. ಡಿಪೋದಲ್ಲಿ ಅವರು ಎಂಜಿನ್ನಿನ ನಾಡಿ ನೋಡುತ್ತಿದ್ದದ್ದು ಹಾಗೆಯೇ. ಕಣ್ಣು ತೆರೆದಾಗ ಅಪ್ಪನ ಮುಖ ಬೇರೆಯಾಗಿತ್ತು.

"ನೀಲವ್ವಾ," ಅಂದರು, "ಇದು ನಮ್ಮ ಪೈಕಿ ಎಂಜಿನ್ನು. ನಮ್ಮ ಹಳೇ ಗಾಡಿಗಳ ದನಿ ಹಿಂಗ ಇತ್ತು."

"ಅಪ್ಪಾ, ಏನ ಮಾತಾಗಿತ್ತು ನಮ್ಮಿಬ್ಬರದು?"

"ಮಾತು ಬ್ಯಾರೆ, ಎಂಜಿನ್ ಬ್ಯಾರೆ."

ಲೀಟರಿಗೆ ಒಂದೂ ಮುಕ್ಕಾಲು ಕಿಲೋಮೀಟರು ಅಂತ ಶ್ರೀನಾಥ್ ಲೆಕ್ಕ ಹೇಳಿದರು. ನಮ್ಮ ಡಿಪೋದಲ್ಲಾಗಿದ್ದರೆ ಗುಜರಿಗೆ ಹಾಕುತ್ತಿದ್ದ ಲೆಕ್ಕ ಅದು. ಅಪ್ಪ ಅದನ್ನು ಕೇಳಿ, ನೀರಿನ ಮೇಲೆ ಅಷ್ಟಾದರೂ ಕೊಟ್ಟರೆ ಬಂಗಾರ ಅಂದರು. ಮಗಳನ್ನು ಒಂದು ಎಂಜಿನ್ನಿಗೆ ಮಾರಿದ ಅಪ್ಪ ಇನ್ನೆಲ್ಲಾದರೂ ಇದ್ದರೆ ನನಗೆ ತಿಳಿಸಿ.

ಲೆನ್ ದೋಣಿ ಬಿಚ್ಚಿ ಕೊಲ್ಲಿಗೆ ಇಳಿಸಿದ. ಇಳಿತದ ಹೊತ್ತು, ನೀರು ಸಮುದ್ರದ ಕಡೆ ಸರಿಯುತ್ತಿತ್ತು. ಎರಡೂ ಬದಿಗೆ ಗುರುತಿನ ಕಂಬಗಳು, ಅವುಗಳ ನಡುವೆ ಮಾತ್ರ ಆಳ. ನೇರ ಹಿಡಿದುಕೊಳ್ಳಿ ಎಂದು ಹೇಳಿ ಚುಕ್ಕಾಣಿಯನ್ನು ಅಪ್ಪನ ಕೈಗೆ ಕೊಟ್ಟು ಚಹಾ ಮಾಡಲು ಕೆಳಗಿಳಿದ. ಶ್ರೀನಾಥ್ ಹಿಂದೆ ಕೂತು ಹೊಗೆಯ ಬಣ್ಣ ಬರೆದುಕೊಳ್ಳುತ್ತಿದ್ದರು. ನಾನು ಅಪ್ಪನ ಪಕ್ಕದಲ್ಲಿ ಮುಖ ಊದಿಸಿಕೊಂಡು ನಿಂತಿದ್ದೆ. ಚುಕ್ಕಾಣಿಯ ಬಲಕ್ಕೆ ಒಂದು ಕರಿ ಗುಂಡಿಯಿತ್ತು. ಎಳೆದರೆ ಎಂಜಿನ್ ಆರುತ್ತದೆ. ಹಳೆಯ ಬಸ್ಸುಗಳಲ್ಲಿ ಇರುತ್ತಿದ್ದದ್ದೂ ಅಂಥದೇ.

"ನೀರು ಇಳಿಜಾರ ಐತಿ," ಅಂದರು ಅಪ್ಪ, ಯಾರಿಗೂ ಅಲ್ಲ. ಅವರ ಕೈ ತಾನಾಗಿ ಹೋಗಿ ಗುಂಡಿ ಎಳೆಯಿತು.

ಎಡ್ನಾ ಸುಮ್ಮನಾದಳು. ಕೊಲ್ಲಿಯೆಲ್ಲ ಸುಮ್ಮನಾಯಿತು. ನೀರು ನಮ್ಮನ್ನು ಹೊತ್ತುಕೊಂಡು ಮೆಲ್ಲಗೆ ಸಾಗಿತು. ಅಪ್ಪನ ಮುಖದಲ್ಲಿ ಶಾಲು ಹೊದಿಸಿಕೊಂಡ ಡ್ರೈವರನ ಕಳೆ. "ನೋಡು, ಬಿಟ್ಟಿ ಕಿಲೋಮೀಟರು," ಅಂದರು. ಎಂಜಿನ್ ನಿಂತ ಬಸ್ಸು ಚಕ್ರ ತಿರುಗಿಸಿದ ಕಡೆ ತಿರುಗುತ್ತದೆ. ಎಂಜಿನ್ ನಿಂತ ದೋಣಿ ನೀರು ಹೇಳಿದ ಕಡೆ ಹೋಗುತ್ತದೆ ಎಂದು ಆ ಡಿಪೋದಲ್ಲಿ ಯಾರೂ ಕಲಿಸಿರಲಿಲ್ಲ. ಲೆನ್ ಚಹಾದ ಲೋಟ ಹಿಡಿದು ಮೇಲೆ ಓಡಿಬರುವಷ್ಟರಲ್ಲಿ ನಾವು ಕಂಬದ ಆಚೆಗಿದ್ದೆವು. ದಪ್ಪ ಹೆಂಗಸು ದಿಂಬಿನ ಮೇಲೆ ಕೂತ ಹಾಗೆ ಎಡ್ನಾ ಕೆಸರಿನ ಮೇಲೆ ಕೂತಳು.

ಲೆನ್ ಎಂಜಿನ್ ಹಚ್ಚಿ ಹಿಂದಕ್ಕೆ ಎಳೆಸಿದ. ಕೆಸರು ಕದಡಿತೇ ಹೊರತು ದೋಣಿ ಕದಲಲಿಲ್ಲ. ಆಮೇಲೆ ಗಡಿಯಾರ ನೋಡಿದ. ಹತ್ತೂವರೆ. ನೀರು ಪೂರ್ತಿ ಇಳಿದು ಮತ್ತೆ ಏರಿ ದೋಣಿ ಎತ್ತುವುದು ನಾಲ್ಕೂವರೆಗೆ. ಅಲ್ಲಿಯವರೆಗೆ ನಾಲ್ವರೂ ಇಲ್ಲೇ.

ಅವನು ಸಿಟ್ಟಾಗಲಿಲ್ಲ. ಯಾಕೆ ಆರಿಸಿದಿರಿ ಎಂದಷ್ಟೇ ಕೇಳಿದ. ಡೀಸೆಲ್ ಉಳಿಸಲು ಎಂದು ಶ್ರೀನಾಥ್ ಇಂಗ್ಲಿಷಿನಲ್ಲಿ ವಿವರಿಸಿದರು. ಲೆನ್ ಅಪ್ಪನನ್ನು ಬಹಳ ಹೊತ್ತು ನೋಡಿ, ಚಹಾದ ಲೋಟವನ್ನು ಅವರ ಕೈಗೇ ಕೊಟ್ಟ. ಅರ್ಧ ಗಂಟೆಯೊಳಗೆ ಅವರಿಬ್ಬರೂ ನೆಲದ ಹಲಗೆ ತೆಗೆದು ಎಂಜಿನ್ನಿನ ಸುತ್ತ ಮಂಡಿಯೂರಿದ್ದರು. ಅಪ್ಪನಿಗೆ ಬರುವ ಇಂಗ್ಲಿಷ್ ಎಂದರೆ ನಟ್ಟು, ಬೋಲ್ಟು, ನಾಝಲ್ಲು, ಗ್ಯಾಸ್ಕೆಟ್ಟು. ಅವರ ಸ್ನೇಹಕ್ಕೆ ಅಷ್ಟು ಸಾಕಾಯಿತು. ಮೊಣಕಾಲು ಹೋಗಿದೆ ಅಂದವನು ಮೇಲೇಳಲೇ ಇಲ್ಲ.

ನೀರು ಸರಿದಂತೆ ದೋಣಿ ಒಂದು ಕಡೆ ವಾಲತೊಡಗಿತು. ಸುತ್ತ ಮೈಲಿಗಟ್ಟಲೆ ಬೂದು ಕೆಸರು, ಅದರ ಮೇಲೆ ಕರಿ ಹಂಸಗಳು. ಶ್ರೀನಾಥ್ ಮೇಲೆ ಕೂತು ಹಂಸ ನೋಡುತ್ತಿದ್ದರು. ನನಗೆ ಹಸಿವೆಗೆ ಸಿಟ್ಟು ಬರುತ್ತದೆ, ಸಿಟ್ಟಿಗೆ ಹಸಿವೆ. ಕಾರಿನಲ್ಲಿ ಬಿಡದೆ ಜೊತೆಗೇ ತಂದಿದ್ದ ಚೀಲದಿಂದ ಅವಲಕ್ಕಿ ತೆಗೆದು ನೆನೆಸಿದೆ. ಲೆನ್‌ನ ಗೂಡಿನಲ್ಲಿ ಎಣ್ಣೆ, ಈರುಳ್ಳಿ ಸಿಕ್ಕವು. ಒಲೆ ಹಚ್ಚಿ ಬಾಣಲೆ ಇಟ್ಟರೆ ಅದು ಜಾರಿ ನನ್ನ ಕಡೆಗೇ ಬರುತ್ತಿತ್ತು. ಒಲೆಯ ಕೆಳಗೆ ಒತ್ತು ಕೊಡಲು ಏನಾದರೂ ದಪ್ಪನೆಯದು ಬೇಕೆಂದು ನೋಡಿದರೆ ಮೇಜಿನ ಮೇಲೆ ಆ ನೀಲಿ ನೋಟ್‌ಬುಕ್ ಬಿದ್ದಿತ್ತು. ಇದಕ್ಕೆ ಇದೇ ಸರಿಯಾದ ಜಾಗ ಅನಿಸಿ ಮಡಚಲು ಹೋದೆ. ಪುಟ ತೆರೆದುಕೊಂಡಿತು.

ಎಡ್ನಾಳ ಪುಟ. ಮೇಲಿನ ಸಾಲಿನಲ್ಲಿ, ಡಾಕ್‌ಲ್ಯಾಂಡ್ಸ್‌ನಿಂದ ಸಿಡ್ನಿ, 580 ನಾಟಿಕಲ್ ಮೈಲು. ಅದರ ಕೆಳಗೆ, ಫೆಬ್ರವರಿ 2009, ಹನ್ನೆರಡು ದಿನ. ಅದರ ಕೆಳಗೆ ಲೋಡು. ಶ್ರೀ 78 ಕಿಲೋ. ನೀಲಾ 53 ಕಿಲೋ. ಇಬ್ಬರಿಗೆ ಕುಡಿಯುವ ನೀರು, ಇಬ್ಬರಿಗೆ ಅಕ್ಕಿ, ಬೇಳೆ. ನೀಲಾಳ ಪ್ರೆಶರ್ ಕುಕ್ಕರ್, ಮೂರು ಕಿಲೋ.

ಹಿಂದಿನ ಪುಟ ತಿರುವಿದೆ. ಬೇರೆ ದೋಣಿ, ಅದೇ ಸಾಲು. ಅದರ ಹಿಂದಿನದು, ಅದರ ಹಿಂದಿನದು. ಅವರು ನೋಡಲು ಹೋಗದೆ ಕಾಗದದ ಮೇಲೇ ಕೈಬಿಟ್ಟ ದೋಣಿಗಳೂ ಅದರಲ್ಲಿದ್ದವು. ಎಲ್ಲ ಸೇರಿ ಹತ್ತೊಂಬತ್ತು. ಏಪ್ರಿಲ್‌ನಲ್ಲಿ ಬರೆದ ಮೊದಲ ಪುಟದಲ್ಲೂ ಅದೇ ದೂರ, ಅದೇ ಇಬ್ಬರು, ಅದೇ ಕುಕ್ಕರ್. ಹತ್ತೊಂಬತ್ತು ದೋಣಿಗಳಲ್ಲೂ ಅವರು ನನ್ನನ್ನು ಹತ್ತಿಸಿಕೊಂಡೇ ಲೆಕ್ಕ ಹಾಕಿದ್ದರು. ನಾನು ಒಲೆ ಆರಿಸಿದೆ. ಅಳು ಬಂತು, ಈರುಳ್ಳಿ ಹೆಚ್ಚಿ ಆಗಲೇ ಅರ್ಧ ಗಂಟೆಯಾಗಿದ್ದರಿಂದ ಅದರ ಮೇಲೆ ಹೊರಿಸುವಂತೆಯೂ ಇರಲಿಲ್ಲ.

"ರೀ, ಒಳಗ ಬರ್ರಿ," ಎಂದು ಕರೆದೆ.

ಅವರು ವಾಲಿದ ಮೆಟ್ಟಿಲು ಹಿಡಿದುಕೊಂಡು ಇಳಿದರು. ನನ್ನ ಕೈಯಲ್ಲಿ ನೋಟ್‌ಬುಕ್ ನೋಡಿ ನಿಂತರು.

"ಇದೇನು, ಡಾಕ್‌ಲ್ಯಾಂಡ್ಸ್‌ನಿಂದ ಸಿಡ್ನಿ?"

"ಜನವರಿಗೆ ಕಾಂಟ್ರ್ಯಾಕ್ಟ್ ಮುಗಿಯುತ್ತೆ. ರಿನ್ಯೂ ಮಾಡ್ತೀವಿ ಅಂದ್ರು. ನಾನು ಬೇಡ ಅಂದೆ." ವಾಲಿದ ಮೇಜಿನ ಅಂಚು ಹಿಡಿದುಕೊಂಡು ಮತ್ತೆ ಹೇಳಿದರು. "ಬರೋವಾಗ ಹಾಗೇ ಬೋಟ್‌ನಲ್ಲೇ ಬಂದುಬಿಡೋಣ ಅಂತ. ಮಧ್ಯದಲ್ಲಿ ಡೀಸೆಲ್ ಹಾಕಿಸದೆ ಅಷ್ಟು ದೂರ ಬರೋ ಬೋಟೇ ಬೇಕಿತ್ತು. ನೀನು ಫ್ಲೈಟ್‌ನಲ್ಲಿ ಇಲ್ಲಿಗೆ ಬಂದು, ಇಬ್ಬರೂ ಸೇರಿ ತಗೊಂಡು ಹೋಗೋದು. ಆಮೇಲೆ ಸಿಡ್ನಿನಲ್ಲಿ ಇಬ್ಬರೂ ಅದರಲ್ಲೇ ಇರೋದು."

"ನನಗ ಹೇಳಬಾರದಾಗಿತ್ತೇನು?"

"ಬೋಟ್ ಸಿಕ್ಕಿದ ಮೇಲೆ ಹೇಳೋಣ ಅಂತಿದ್ದೆ. ಸಿಗದೇ ಹೋದ್ರೆ ಸುಮ್ಮನೆ ನಿಂಗೆ ಆಸೆ ತೋರಿಸಿದ ಹಾಗಾಗುತ್ತೆ."

ಎಂಥ ಮನುಷ್ಯನಿಗೆ ಕುತ್ತಿಗೆ ಕೊಟ್ಟೆನಪ್ಪಾ ಅನಿಸಿತು. ಹೆಂಡತಿಗೆ ಆಸೆ ತೋರಿಸಬಾರದೆಂದು ಎರಡು ತಿಂಗಳು ಭಯ ತೋರಿಸಿದ್ದರು. "ನೀವು ಇಲ್ಲೇ ಇದ್ದುಬಿಡ್ತೀರಿ ಅಂತ ನಾ ತಿಳಕೊಂಡಿದ್ದೆ," ಅಂದೆ. "ಎಲ್ಲಾ ದೋಣಿ ಬ್ಯಾಡ ಅನ್ನು ಅಂತ ಅಪ್ಪಗ ಹೇಳಿದ್ದೂ ನಾನ."

"ಗೊತ್ತು. ಮೊದಲನೇ ವಾರಾನೇ ಮಾವ ಹೇಳಿದ್ರು."

ನೆಲದ ಹಲಗೆಯ ಕೆಳಗೆ, ಎಂಜಿನ್ನಿನ ಬಳಿಯಿಂದ ಅಪ್ಪನ ದನಿ ಬಂತು. "ರಿಜೆಕ್ಟ್ ಮಾಡಿದ್ದು ಖರೇನ ರಿಜೆಕ್ಟ್ ಆಗೋ ಗಾಡೀನ ಬಿಡವಾ. ನನ್ನ ಸಹಿಗೆ ಬೆಲಿ ಐತಿ."

ನಗಬೇಕೋ ಬೈಯಬೇಕೋ ತಿಳಿಯದೆ ನಾನು ಮತ್ತೆ ನೋಟ್‌ಬುಕ್ ನೋಡಿದೆ. ಆಗ ಕಣ್ಣಿಗೆ ಬಿತ್ತು. "ಐವತ್ತಮೂರು ಕಿಲೋ ಎಲ್ಲಿಂದ ಬಂತ್ರೀ?"

"ಆಸ್ಟ್ರೇಲಿಯಾಕ್ಕೆ ಬರೋ ಪಿಆರ್ ವೀಸಾಕ್ಕೆ ಮೆಡಿಕಲ್ ಆಯ್ತಲ್ಲ, ತೊಂಬತ್ತಾರರಲ್ಲಿ. ಬೆಂಗಳೂರಲ್ಲಿ. ಅವತ್ತು ನೀನು ತೂಕದ ಮೆಷಿನ್ ಮೇಲೆ ನಿಂತಾಗ ನಾನು ಪಕ್ಕದಲ್ಲೇ ಇದ್ದೆ. ಐವತ್ಮೂರೇ ಇತ್ತು."

ಹನ್ನೆರಡು ವರ್ಷದ ಹಿಂದಿನ ಲೆಕ್ಕ. ಅವತ್ತು ನಾನು ಹಸಿರು ಚೂಡಿದಾರ ಹಾಕಿದ್ದೆ, ತೂಕ ಇನ್ನೂ ಕಡಿಮೆ ಬರಲೆಂದು ಬಳೆ ಬಿಚ್ಚಿ ಇವರ ಕೈಗೆ ಕೊಟ್ಟಿದ್ದೆ. ಅದಾದ ಮೇಲೆ ಈ ಮನುಷ್ಯ ನನ್ನನ್ನು ನೋಡಿದ್ದಾರೋ ಇಲ್ಲವೋ. ನೋಡಿದ್ದಾರೆ, ಆದರೆ ಲೆಕ್ಕ ಬದಲಿಸಿಲ್ಲ. ಅವರ ಕಿಸೆಯಿಂದ ಪೆನ್ನು ಎಳೆದುಕೊಂಡು, ಐವತ್ತಮೂರನ್ನು ಹೊಡೆದುಹಾಕಿ, ಪಕ್ಕದಲ್ಲಿ ಅರವತ್ತೈದು ಎಂದು ಬರೆದೆ.

ಕೈಯೆಲ್ಲ ಎಣ್ಣೆ ಮಾಡಿಕೊಂಡ ಅಪ್ಪ ಮೇಲೆ ಬಂದು ಇಣುಕಿದರು. "ಖರೇ ಲೋಡ್ ಬರೀ ನೀಲವ್ವಾ. ಡ್ರೈವರ್‌ಗ ಮೋಸ ಆಗತೈತಿ."

ಅರವತ್ತೈದನ್ನೂ ಹೊಡೆದು ಎಪ್ಪತ್ತೊಂದು ಮಾಡಿದೆ.

ಅವಲಕ್ಕಿ ಎಲ್ಲರೂ ತಿಂದೆವು, ತಟ್ಟೆ ಜಾರದಂತೆ ಒಂದು ಕೈಯಲ್ಲಿ ಹಿಡಿದುಕೊಂಡು. ಲೆನ್ ಎರಡು ಸಲ ಹಾಕಿಸಿಕೊಂಡು ಮೆಣಸಿನಕಾಯಿಗೆ ಕಣ್ಣೀರಿಟ್ಟ. ನಾಲ್ಕು ದಾಟಿದ ಮೇಲೆ ಕೆಸರಿನ ಮೇಲೆ ನೀರು ತೆಳ್ಳಗೆ ಹರಡಿತು. ಎಡ್ನಾ ಮೆಲ್ಲಗೆ ನೇರವಾಗತೊಡಗಿದಳು. ಲೆನ್ ಕೈ ಒರೆಸಿಕೊಂಡು, ಹಾಗಾದರೆ ಏನು ತೀರ್ಮಾನ ಎಂದು ಶ್ರೀನಾಥರನ್ನು ಕೇಳಿದ.

ಶ್ರೀನಾಥ್ ನೋಟ್‌ಬುಕ್ ಮೇಲೆ ಬಗ್ಗಿ, ಕ್ಯಾಲ್ಕುಲೇಟರ್ ಒತ್ತಿ, ಹೊಸ ಲೋಡು ಹಾಕಿ, ಮತ್ತೊಮ್ಮೆ ಒತ್ತಿ ನನ್ನ ಮುಖ ನೋಡಿದರು.

"ಸಿಡ್ನಿ ತನಕ ಒಂದು ಲೀಟರ್ ಜಾಸ್ತಿ ಆಗುತ್ತೆ," ಅಂದರು.

"ಆಗಲಿ," ಅಂದೆ.